ಎತ್ತು ತಿರುಗುವ ಜಾಗ

ಟೀವಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಮಂದಿ ಕೂತಿದ್ದರು. ಗಟ್ಟಿಮೇಳ ಏರಿತ್ತು. ಮದುಮಗನ ಕೈ ಮದುಮಗಳ ಕೊರಳ ಹಿಂದಕ್ಕೆ ಹೋಗಿತ್ತು, ಅಕ್ಕಿಕಾಳು ಹಿಡಿದ ಮುಷ್ಟಿಗಳೆಲ್ಲ ಮೇಲೆದ್ದಿದ್ದವು. ಅಷ್ಟಕ್ಕೆ ಚಿತ್ರ ನಿಂತುಬಿಟ್ಟಿತು. ಪ್ಲೇಯರಿನೊಳಗೆ ಏನೋ ಗರಗರ ಅಂದಿತು. ಮತ್ತೆ ಚಿತ್ರ ಬಂದಾಗ ಅಕ್ಕಿಕಾಳು ಆಗಲೇ ಇಬ್ಬರ ತಲೆಯ ಮೇಲಿತ್ತು, ಜನ ಊಟದ ಕಡೆ ಎದ್ದಿದ್ದರು. "ತಾಳಿ ಕಟ್ಟಿದ್ದು ಎಲ್ಲಿ ಹೋತಪ್ಪಾ?" ಎಂದು ಹುಡುಗಿಯ ಅಜ್ಜಿ ನನ್ನ ಮುಖ ನೋಡಿದರು. 2007ರ ಬೇಸಿಗೆ ಅದು, ದೋಣಿಮಲೈ ಟೌನ್‌ಶಿಪ್ಪಿನ ಒಂದು ಕ್ವಾರ್ಟರ್ಸು. ಆ ಡಿಸ್ಕು ಮಾಡಿಕೊಟ್ಟವನು ನಾನು.

ನನ್ನಪ್ಪ ಇಲ್ಲಿನ ಎನ್‌.ಎಂ.ಡಿ.ಸಿ. ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದವರು. 1977ರಲ್ಲಿ ಗಣಿ ಶುರುವಾದಾಗ ಕಂಪ್ಲಿ ಕಡೆಯ ಹಳ್ಳಿಯಿಂದ ಬಂದು ಸೇರಿದರು. ನನಗೆ ಗಣಿ ಒಗ್ಗಲಿಲ್ಲ, ಕ್ಯಾಮೆರಾ ಹಿಡಿದೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳವು. ಸಂಡೂರು, ಹೊಸಪೇಟೆಗಳಲ್ಲಿ ಮದುವೆಗಳು ದೊಡ್ಡವಾದವು, ಮದುವೆಯ ವಿಡಿಯೊ ಇನ್ನೂ ಉದ್ದವಾಯಿತು. ಸುರಗಿಯಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಒಂದೂ ಬಿಡುವ ಹಾಗಿಲ್ಲ. ಎರಡೂವರೆ ಗಂಟೆಗೆ ಕಡಿಮೆಯಾದರೆ "ಇಷ್ಟೇ ಏನು?" ಎನ್ನುತ್ತಿದ್ದರು.

ಸಾದಾ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಒಳ್ಳೆಯ ಗುಣಮಟ್ಟದಲ್ಲಿ ಒಂದೂವರೆ, ಒಂದೂಮುಕ್ಕಾಲು ಗಂಟೆಯ ಚಿತ್ರ ಅಷ್ಟೆ. ಹಾಗಾಗಿ 'ಭಾಗ 1', 'ಭಾಗ 2' ಎಂದು ಎರಡು ಡಿಸ್ಕು ಕೊಡುತ್ತಿದ್ದೆವು. ಆರು ತಿಂಗಳಿಗೆ ಎರಡನೆಯದು ಯಾವುದೋ ನೆಂಟರ ಮನೆಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಅಷ್ಟರಲ್ಲಿ ಡ್ಯುಯಲ್ ಲೇಯರ್ ಡಿಸ್ಕು, ಅಂದರೆ ಎರಡು ಪದರದ ಡಿಸ್ಕು, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗತೊಡಗಿತು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಹತ್ತು ತಂದೆ. ಒಂದರ ದುಡ್ಡಿಗೆ ಸಾದಾ ಡಿಸ್ಕು ಎಷ್ಟೋ ಬರುತ್ತಿದ್ದವು. ಇಡೀ ಮದುವೆ ಒಂದೇ ಡಿಸ್ಕಿನಲ್ಲಿ ಎಂದು ಹೇಳಿಕೊಳ್ಳುವ ಆಸೆ ನನಗೆ.

ಆ ಆಸೆಯಲ್ಲಿ ಒಂದನ್ನು ಕೇಳಿಕೊಂಡಿರಲಿಲ್ಲ: ಒಂದು ಪದರ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ?

ಡಿವಿಡಿಯ ದಪ್ಪ 1.2 ಮಿಲಿಮೀಟರ್. ಎರಡು ಪದರದ ಡಿಸ್ಕಿನಲ್ಲಿ ಬರೆಯುವ ಮೈ ಎರಡು, ಅವುಗಳ ನಡುವೆ ಸುಮಾರು 55 ಮೈಕ್ರಾನ್ ಅಂತರ, ಒಂದು ಕೂದಲೆಳೆಯಷ್ಟು. ಎರಡನ್ನೂ ಲೇಸರ್ ಒಂದೇ ಬದಿಯಿಂದ ಓದುತ್ತದೆ. ಹತ್ತಿರದ ಪದರ ಅರೆಪಾರದರ್ಶಕ. ಅದರ ಮೂಲಕ ಹಾದೇ ಲೇಸರ್ ಆಚೆಯ ಪದರವನ್ನು ಮುಟ್ಟಬೇಕು. ಮೊದಲ ಪದರದ ಓದು ನಡುತೂತಿನ ಬಳಿ ಶುರುವಾಗಿ ಸುರುಳಿಯಾಗಿ ಹೊರಗೆ ಹೋಗುತ್ತದೆ. ಅದು ಮುಗಿದಾಗ ಲೇಸರ್ ತಿರುಗಿ ಒಳಕ್ಕೆ ಓಡಿ ಎರಡನೆಯದನ್ನು ಮೊದಲಿಂದ ಓದುವುದಿಲ್ಲ. ನಿಂತಲ್ಲೇ ನಿಂತು, ದೃಷ್ಟಿಯನ್ನು ಆಚೆಯ ಪದರಕ್ಕೆ ಹೊಂದಿಸಿಕೊಂಡು, ಹೊರಗಿನಿಂದ ಒಳಗೆ ಓದಿಕೊಂಡು ಬರುತ್ತದೆ. ಆ ಹೊಂದಾಣಿಕೆಗೆ ಹಿಡಿಯುವ ಕ್ಷಣವೇ ಟೀವಿಯಲ್ಲಿ ಕಾಣುವ ತಡೆ.

ಇದನ್ನು ನಾನು ತಿಳಿದದ್ದು ಅಜ್ಜಿಯ ಪ್ರಶ್ನೆಯಾದ ಮೇಲೆ, ರಾತ್ರಿಯೆಲ್ಲ ಕೂತು ಓದಿ. ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪನಿಗೆ ಬೆರಳಲ್ಲಿ ಸುರುಳಿ ಬರೆದು ತೋರಿಸಿದೆ. ಅವರು ನೋಡಿ ನಕ್ಕರು.

"ಇದು ಎಡೆ ಹೊಡ್ದಂಗ ಆತಲ್ಲೋ. ಒಂದು ಸಾಲು ಹಿಡ್ಕಂಡು ಬದುವಿನ ತನಕ ಹೋಗ್ತೀವಿ, ಅಲ್ಲಿ ಎತ್ತು ತಿರುಗಿಸ್ಕಂಡು ಇನ್ನೊಂದು ಸಾಲಾಗ ವಾಪಸ್ ಬರ್ತೀವಿ. ನೀನು ನಡಹೊಲ್ದಾಗ ತಿರುಗಿಸೀಯಪ್ಪ. ಪೈರು ತುಳಿದಾವು."

ಆಗಿದ್ದು ಅದೇ. ನಾನು ಸಿನಿಮಾ ಫೈಲುಗಳನ್ನು ಹಾಡು, ಫೋಟೊ ಬರ್ನ್ ಮಾಡುವ ಹಾಗೆ ಸಾಫ್ಟ್‌ವೇರಿಗೆ ಹಾಕಿ ಬಟನ್ ಒತ್ತಿದ್ದೆ. ಅದಕ್ಕೆ ತಾಳಿಯೂ ಗೊತ್ತಿಲ್ಲ, ಊಟವೂ ಗೊತ್ತಿಲ್ಲ. ಲೆಕ್ಕ ನೋಡಿ ಸರಿಯಾಗಿ ಅರ್ಧಕ್ಕೆ ಕತ್ತರಿಸಿತು. ನನ್ನ ಸಿನಿಮಾ 2 ಗಂಟೆ 40 ನಿಮಿಷ, ಮುಹೂರ್ತ ಬಂದದ್ದು 1 ಗಂಟೆ 20ನೇ ನಿಮಿಷಕ್ಕೆ. ದೃಶ್ಯದ ನಡುವೆ ಪದರ ಬದಲಾದದ್ದು ಆ ಮನೆಯ ಹಳೇ ಪ್ಲೇಯರಿಗೆ ಅರ್ಥವಾಗದೆ ಅದು ಮುಂದಿನ ಅಧ್ಯಾಯಕ್ಕೆ ಹಾರಿತ್ತು.

ಮೊದಲ ಪಾಠ ಹೀಗೆ ಬಂತು. ಎರಡು ಪದರ ಅಂದಮೇಲೆ ತಿರುವು ತಪ್ಪುವುದಿಲ್ಲ. ಅದನ್ನು ಅಳಿಸಲು ಹೋಗಬಾರದು, ಬದುವಿಗೆ ತರಬೇಕು. ಡಿವಿಡಿ ಸಿನಿಮಾ ಒಳಗೆ 'ಸೆಲ್' ಎಂಬ ತುಂಡುಗಳಾಗಿರುತ್ತದೆ. ನಾವು ಅಧ್ಯಾಯ ಗುರುತು ಹಾಕಿದಲ್ಲೆಲ್ಲ ಹೊಸ ಸೆಲ್ ಶುರು. ತಿರುವು ಸೆಲ್ಲಿನ ಆರಂಭದಲ್ಲೇ ಬಿದ್ದರೆ, 'ಇಲ್ಲಿ ತುಸು ನಿಂತು ಹೋಗು' ಎಂಬ ಗುರುತೂ ಅಲ್ಲಿದ್ದರೆ, ಪ್ಲೇಯರು ಗೊಂದಲವಿಲ್ಲದೆ ದಾಟುತ್ತದೆ. ಇನ್ನೊಂದು ಕಟ್ಟಳೆ ಇದೆ. ಡಿಸ್ಕಿನ ಮಾಹಿತಿ 2,048 ಬೈಟಿನ ಸೆಕ್ಟರುಗಳಲ್ಲಿ ಕೂತಿರುತ್ತದೆ, 16 ಸೆಕ್ಟರು ಸೇರಿ ಒಂದು ಕಟ್ಟು. ತಿರುವು ಕಟ್ಟಿನ ಅಂಚಿಗೇ ಬರಬೇಕು. ಈ ಜೋಡಣೆಯನ್ನು ಸಾಫ್ಟ್‌ವೇರ್ ಮಾಡಿಕೊಳ್ಳುತ್ತದೆ. ಆಗ ಉಚಿತವಾಗಿ ಸಿಗುತ್ತಿದ್ದ ಇಮ್ಗ್‌ಬರ್ನ್ ಅಂತೂ ತಿರುಗಿಸಬಹುದಾದ ಜಾಗಗಳ ಪಟ್ಟಿಯನ್ನೇ ಮುಂದಿಟ್ಟು, ಯಾವುದು ಬೇಕು ಎಂದು ಕೇಳುತ್ತಿತ್ತು.

ಎರಡನೇ ಸಲ ಜಾಣನಾಗಿ ಅದೇ ಮದುವೆಯನ್ನು ಇಮ್ಗ್‌ಬರ್ನಿಗೆ ಕೊಟ್ಟೆ. ತಿರುಗಿಸಲು ಒಂದೂ ಜಾಗ ಸಿಗಲಿಲ್ಲ. ಆಗ ಕಲಿತದ್ದು ಎರಡನೇ ಪಾಠ, ನನ್ನ ಮಟ್ಟಿಗೆ ಇದೇ ದೊಡ್ಡದು.

ಡಿಸ್ಕಿನ ಮೇಲೆ 8.5 ಜಿಬಿ ಎಂದಿರುತ್ತದೆ. ಕಂಪ್ಯೂಟರ್ ತನ್ನ 1,024ರ ಲೆಕ್ಕದಲ್ಲಿ ಅದನ್ನೇ 7.96 ಎಂದು ತೋರಿಸುತ್ತದೆ. ಇದು ತಿಳಿಯದೆ ಹೊಸಬರು ಸಿನಿಮಾವನ್ನು ಡಿಸ್ಕಿಗಿಂತ ದೊಡ್ಡದು ಮಾಡಿ ಕೂರುತ್ತಾರೆ. ಇಲ್ಲಿ ಡಿಸ್ಕಿನ ಲೆಕ್ಕವನ್ನೇ ಹಿಡಿಯೋಣ. ನಾನು ಬಳಸುತ್ತಿದ್ದ ಡಿವಿಡಿ ಪ್ಲಸ್ ಆರ್ (DVD+R) ಜಾತಿಯ ಡಿಸ್ಕಿನಲ್ಲಿ ಒಂದು ಪದರಕ್ಕೆ 20,86,912 ಸೆಕ್ಟರು, ಅಂದರೆ ಸುಮಾರು 4.27 ಜಿಬಿ. ಮೊದಲ ಪದರಕ್ಕೆ ಇದಕ್ಕಿಂತ ಹೆಚ್ಚು ತುಂಬಲಾಗದು. ಹಾಗೆಯೇ ಎರಡನೆಯದು ಮೊದಲಿನದಕ್ಕಿಂತ ದೊಡ್ಡದಾಗುವಂತಿಲ್ಲ. ಹೋದ ದಾರಿಯಷ್ಟೇ ವಾಪಸ್ ಬರಲು ಇರುವುದು. ಹಾಗಾಗಿ ತಿರುವು ಸಿನಿಮಾದ ಅರ್ಧಕ್ಕಿಂತ ಮೊದಲು ಬರಬಾರದು, 4.27 ಜಿಬಿ ದಾಟಲೂಬಾರದು.

ನನ್ನ ಸಿನಿಮಾ 8.4 ಜಿಬಿ ಇತ್ತು. ಅರ್ಧ ಅಂದರೆ 4.2. ತಿರುಗಲು ಉಳಿದದ್ದು 4.2ರಿಂದ 4.27ರ ಸಂದು. ಸೆಕೆಂಡಿಗೆ 7 ಮೆಗಾಬಿಟ್ ವೇಗದ ಚಿತ್ರದಲ್ಲಿ ಅದು ಒಂದೂವರೆ ನಿಮಿಷಕ್ಕೂ ಕಡಿಮೆ. ಆ ಒಂದೂವರೆ ನಿಮಿಷದ ತುಂಬ ಗಟ್ಟಿಮೇಳ. ಅದೇ ಸಿನಿಮಾ 7.4 ಜಿಬಿ ಇದ್ದಿದ್ದರೆ 3.7ರಿಂದ 4.27ರವರೆಗೆ, ಹತ್ತಿರಹತ್ತಿರ ಹನ್ನೊಂದು ನಿಮಿಷದ ಹರವು ಸಿಗುತ್ತಿತ್ತು. ಅಷ್ಟರಲ್ಲಿ ಎಲ್ಲಾದರೂ ಒಂದು ಬದು ಸಿಕ್ಕೇ ಸಿಗುತ್ತದೆ. ಕೊನೆಯ ಬೈಟಿನವರೆಗೆ ತುಂಬಿ, ಕೊಟ್ಟ ದುಡ್ಡು ಪೂರಾ ವಸೂಲು ಮಾಡುವ ನನ್ನ ಜಿಪುಣತನವೇ ತಿರುಗಲು ಜಾಗವಿಲ್ಲದಂತೆ ಮಾಡಿತ್ತು.

ಮದುವೆ ಮನೆಯವರನ್ನು ಒಪ್ಪಿಸಿ ಹತ್ತೊಂಬತ್ತು ನಿಮಿಷ ಕತ್ತರಿಸಿದೆ. ಉಡುಗೊರೆ ಕೊಡುವ ಸಾಲು ನಾಲ್ಕು ಕಡೆ ಬಂದಿತ್ತು, ಯಾರಿಗೂ ನೋವಾಗಲಿಲ್ಲ. ಅಕ್ಕಿಕಾಳು ಬಿದ್ದು ಮುಗಿದ ಮೇಲೆ ಚಿತ್ರವನ್ನು ಮೆಲ್ಲಗೆ ಕಪ್ಪಾಗಿಸಿ, ವಾದ್ಯದ ದನಿಯನ್ನೂ ಇಳಿಸಿ, ಅಲ್ಲೊಂದು ಅಧ್ಯಾಯ ಗುರುತು ಹಾಕಿದೆ. ತಿರುವು ಆ ಕತ್ತಲಲ್ಲಿ ಬಿತ್ತು. ಇದಾದ ಮೇಲೆ ನಾನು ಎಡಿಟಿಂಗ್ ಮಾಡುವ ಕ್ರಮವೇ ಬದಲಾಯಿತು. ಮುಹೂರ್ತ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಮೊದಲು ನೋಡುತ್ತೇನೆ, ಬದು ಎಲ್ಲಿ ಎಂದು ಆಮೇಲೆ, ಹಾಡು ಹಚ್ಚುವುದು ಕೊನೆಗೆ.

ಉಳಿದ ಪಾಠಗಳಿಗೆ ಕೊಟ್ಟ ಬೆಲೆ ಹಾಳಾದ ಡಿಸ್ಕುಗಳು. 2.4 ಪಟ್ಟು ವೇಗದಲ್ಲಿ ಪೂರ್ತಿ ಡಿಸ್ಕು ಬರೆಯಲು ಮುಕ್ಕಾಲು ಗಂಟೆ ಬೇಕು. ನಡುವೆ ಕರೆಂಟು ಹೋದರೆ ಡಿಸ್ಕು ಕಸದ ಬುಟ್ಟಿಗೆ, ಹಾಗಾಗಿ ಯುಪಿಎಸ್ ಇಲ್ಲದೆ ಕೈಹಾಕಲಿಲ್ಲ. ಎರಡು ಪದರದ ಡಿಸ್ಕು ಬೆಳಕನ್ನು ಹಿಂದಿರುಗಿಸುವುದು ಕಡಿಮೆ. ಕಾರ್ಖಾನೆಯಲ್ಲಿ ಅಚ್ಚಾದ ಒಂದು ಪದರದ ಡಿಸ್ಕಿನಲ್ಲಿ ಅದು ಶೇ 45ರಿಂದ 85ರಷ್ಟಿದ್ದರೆ, ಎರಡು ಪದರದ್ದರಲ್ಲಿ ಶೇ 18ರಿಂದ 30. ಅಷ್ಟು ಮಂದ ಬೆಳಕಿನ ಮೇಲೆ ನಮ್ಮೂರಿನ ಕೆಂಪು ದೂಳು ಬೇರೆ. ಅದಿರಿನ ಲಾರಿ ಓಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಪ್ಲೇಯರಿನ ಲೆನ್ಸಿಗೂ ಕುಂಕುಮ ಹಚ್ಚಿದಂತಿರುತ್ತಿತ್ತು. ಮೊದಲರ್ಧ ಚೆನ್ನಾಗಿ ಓಡಿ ಎರಡನೆಯದು ತಡವರಿಸಿದರೆ ಮೊದಲು ಲೆನ್ಸ್ ಒರೆಸಿ ನೋಡುವುದು ರೂಢಿಯಾಯಿತು. ಹಳೇ ಪ್ಲೇಯರುಗಳಿಗಾಗಿ, ಬರೆಯುವ ಮೊದಲು ಡಿಸ್ಕಿನ ಜಾತಿಯನ್ನು ಡಿವಿಡಿ ರೋಮ್ (DVD-ROM) ಎಂದು ನಮೂದಿಸುವುದನ್ನೂ ಕಲಿತೆ. ಕೊಡುವ ಮುಂಚೆ ಪರೀಕ್ಷಿಸುತ್ತಿದ್ದದ್ದು ಮಾತ್ರ ನನ್ನ ಕಂಪ್ಯೂಟರಿನಲ್ಲಲ್ಲ, ಗುಜರಿಯಿಂದ ತಂದ ಒಂದು ಮುದಿ ಪ್ಲೇಯರಿನಲ್ಲಿ. ಅದು ದಾಟಿದ ತಿರುವನ್ನು ಊರಿನ ಯಾವ ಪ್ಲೇಯರಾದರೂ ದಾಟುತ್ತಿತ್ತು.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಮ್ಮ ಗಣಿಗೆ ಸ್ವಲ್ಪ ದಿನಗಳಲ್ಲೇ ಮಿತಿಯೊಳಗೆ ಅನುಮತಿ ಸಿಕ್ಕಿತು, ಸುತ್ತಲಿನ ಲಾರಿಗಳು ನಿಂತವು. ಮದುವೆಗಳು ಸಣ್ಣವಾದವು, ವಿಡಿಯೊ ಮತ್ತೆ ಒಂದು ಪದರಕ್ಕೆ ಇಳಿಯಿತು. ಆಮೇಲೆ ಪೆನ್‌ಡ್ರೈವ್ ಬಂತು. ಎಸ್‌.ಪಿ. ರೋಡಿನಿಂದ ತಂದ ಡಿಸ್ಕುಗಳಲ್ಲಿ ಎರಡು ಇವತ್ತಿಗೂ ಖಾಲಿ ಇವೆ.

ಈಗ ಜನ ಆ ಹಳೇ ಡಿಸ್ಕುಗಳನ್ನು ಫೋನಿಗೆ ಹಾಕಿಕೊಡಿ ಎಂದು ತರುತ್ತಾರೆ. ಆಗ ತಿಳಿದದ್ದು ಕೊನೆಯ ಪಾಠ. ಸಾದಾ ಡಿಸ್ಕಿನಲ್ಲಿ ಸಿನಿಮಾದ ಕೊನೆ ಹೊರ ಅಂಚಿನ ಕಡೆಗಿರುತ್ತದೆ. ಎರಡು ಪದರದ್ದರಲ್ಲಿ ಆ ಕಡೆಗಿರುವುದು ಸಿನಿಮಾದ ನಡು, ಕೊನೆ ಬಂದು ಸೇರುವುದು ಮೊದಲಿನ ಬೆನ್ನಿಗೆ, ಒಳಗೆ. ಕೈಬೆರಳು ಮೊದಲು ತಾಗುವುದು ಅಂಚಿಗೆ. ಹೀಗಾಗಿ ಎಷ್ಟೋ ಡಿಸ್ಕುಗಳಲ್ಲಿ ಸುರಗಿಯೂ ಹೆಣ್ಣು ಒಪ್ಪಿಸುವುದೂ ಚೆನ್ನಾಗಿ ಉಳಿದು, ನಡುಮದುವೆ ಸವೆದಿದೆ. ಡಿಸ್ಕನ್ನು ಸುತ್ತ ತಿರುಗಿಸುತ್ತ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರ ಒರೆಸಿ. ನಿಧಾನ ವೇಗದಲ್ಲಿ ಇಡೀ ಡಿಸ್ಕಿನ ನಕಲನ್ನು ಈಗಲೇ ತೆಗೆದಿಡಿ.

ಹೋದ ವರ್ಷ ಆ ಮದುಮಗಳೇ ಬಂದಿದ್ದಳು. ಅಜ್ಜಿ ತೀರಿಕೊಂಡು ಬಹಳ ದಿನವಾಗಿದೆಯಂತೆ, ಆಕೆ ಓಡಾಡಿದ್ದು, ಮಾತಾಡಿದ್ದು ಇರುವುದು ಈ ಡಿಸ್ಕಿನಲ್ಲಿ ಮಾತ್ರ. ನಾನು ಎರಡನೇ ಸಲ ಮಾಡಿಕೊಟ್ಟಿದ್ದ ಡಿಸ್ಕು ಅದು, ಪೂರ್ತಿ ಓದಿತು. ಅಜ್ಜಿ ನಡುಗುವ ಕೈಯಿಂದ ಅಕ್ಕಿಕಾಳು ಹಾಕಿದರು, ಚಿತ್ರ ಕಪ್ಪಾಯಿತು, ಒಂದು ಉಸಿರಿನಷ್ಟು ಹೊತ್ತು ನಿಂತು ಊಟದ ಸಾಲು ಬಂತು.

"ಅಲ್ಲಿ ಕಪ್ಪು ಮಾಡಿದ್ದು ಚಲೋ ಆಗೈತಣ್ಣ," ಎಂದಳು. "ಅಜ್ಜಿ ಹಾಕಿದ್ದೇ ಕಣ್ಣಾಗ ಉಳಿತೈತಿ."

ಎತ್ತು ತಿರುಗಿದ್ದು ಅಲ್ಲೇ ಎಂದು ನಾನು ಹೇಳಲಿಲ್ಲ.