ಬರ ಕಳೆದ ಮೇಲೆ ಮರ ಒಣಗುವುದೇಕೆ?
ಕಾಫಿ ತೋಟದ ನೆರಳು ಮರಗಳ ರಕ್ಷಣೆ

"ಬರದ ವರ್ಷ ಹಸಿರಾಗಿಯೇ ಇದ್ದ ಮರ, ಮರುವರ್ಷ ಮಳೆ ಚೆನ್ನಾಗಿ ಬಿದ್ದ ಮೇಲೆ ತುದಿಯಿಂದ ಒಣಗುತ್ತಾ ಬಂತಲ್ಲ ಸಾರ್, ಇದು ಯಾವ ರೋಗ?" ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಬೆಳೆಗಾರರು ಹೀಗೆ ಕೇಳುವುದುಂಟು. ಎಷ್ಟೋ ಸಲ ಇದು ರೋಗವಲ್ಲ. ಬರ ಮಾಡಿದ ಗಾಯ ತಡವಾಗಿ ಕಣ್ಣಿಗೆ ಬಿದ್ದಿದೆ, ಅಷ್ಟೆ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅದರ ಬೆನ್ನಿಗೇ 2024ರ ಬೇಸಿಗೆಯ ಬಿಸಿಲು ಬಂತು. ಇಂತಹ ವರ್ಷಗಳು ಮತ್ತೆ ಬರುವುದು ಖಂಡಿತ. ಆದ್ದರಿಂದ ಬರದಲ್ಲಿ ಮರದ ಒಳಗೆ ಏನಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಮರದ ಮುಂದಿರುವ ಎರಡು ದಾರಿ

ಬೇರು ಹೀರಿದ ನೀರು ಕಾಂಡದ ಸಣ್ಣ ನಾಳಗಳಲ್ಲಿ ದಾರದಂತೆ ಎಳೆಯಲ್ಪಟ್ಟು ಎಲೆಗೆ ಏರುತ್ತದೆ. ಎಲೆಯ ಪತ್ರರಂಧ್ರಗಳಿಂದ ಅದು ಆವಿಯಾಗಿ ಹೋಗುತ್ತದೆ. ಅದೇ ರಂಧ್ರಗಳಿಂದ ಮರ ತನ್ನ ಆಹಾರ ತಯಾರಿಕೆಗೆ ಬೇಕಾದ ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಳ್ಳುತ್ತದೆ.

ಮಣ್ಣು ಒಣಗಿದಾಗ ಮರಕ್ಕೆ ಎರಡೇ ದಾರಿ. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಆಹಾರ ತಯಾರಿಕೆ ನಿಂತು ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ರಂಧ್ರ ತೆರೆದಿಟ್ಟರೆ ಊಟವುಂಟು, ಆದರೆ ನೀರಿನ ಎಳೆತ ಮಿತಿಮೀರಿ ನಾಳದೊಳಗೆ ಗಾಳಿಗುಳ್ಳೆ ಸೇರಿ ದಾರ ತುಂಡಾಗುತ್ತದೆ. ಹೀಗೆ ಕೆಟ್ಟ ನಾಳಗಳಲ್ಲಿ ಹೆಚ್ಚಿನವು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹೊಸ ನಾಳ ಕಟ್ಟಲು ಪಿಷ್ಟ ಬೇಕು; ಅದು ಬರದಲ್ಲೇ ಮುಗಿದಿದ್ದರೆ ಮಳೆ ಬಂದರೂ ಮರ ಚೇತರಿಸಿಕೊಳ್ಳಲಾರದು. ಮರುವರ್ಷ ತುದಿ ಒಣಗುವುದಕ್ಕೆ ಇದೇ ಕಾರಣ.

ಇದರ ಮೇಲೆ ಸೆಕೆ. ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಅಂದರೆ ಮಳೆ ಅಷ್ಟೇ ಬಿದ್ದರೂ ಎಲೆಯಿಂದಲೂ ಮಣ್ಣಿನಿಂದಲೂ ಗಾಳಿ ಎಳೆಯುವ ನೀರು ಹೆಚ್ಚು.

ಶೀತದೇಶದ ಕಾಡುಗಳು ಕಲಿಸುವ ಪಾಠ

2018ರಿಂದ 2020ರವರೆಗೆ ಮಧ್ಯ ಯೂರೋಪಿನಲ್ಲಿ ಸಾಲಾಗಿ ಬರ ಬಿತ್ತು. ಜರ್ಮನಿಯಲ್ಲಿ ಮರಮುಟ್ಟಿಗಾಗಿ ತಗ್ಗಿನ ಬೆಚ್ಚನೆಯ ಪ್ರದೇಶಗಳಲ್ಲೂ ಒಂದೇ ಜಾತಿಯ ಸ್ಪ್ರೂಸ್ ಮರಗಳನ್ನು ಸಾಲಾಗಿ ಬೆಳೆಸಿದ್ದರು. ಈ ಮರದ ಬೇರು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ತೊಗಟೆ ಕೊರೆಯುವ ದುಂಬಿಯನ್ನು ಅದು ತನ್ನ ರಾಳದಿಂದ ಹೊರದೂಡುತ್ತದೆ. ನೀರು, ಆಹಾರ ಎರಡೂ ಕಡಿಮೆಯಾದಾಗ ರಾಳವೂ ಕಡಿಮೆಯಾಯಿತು. ಬಿಸಿಲಿನಲ್ಲಿ ದುಂಬಿಯ ಸಂತತಿ ಬೇಗ ಬೇಗ ಬೆಳೆಯಿತು. ಹೀಗೆ ದೊಡ್ಡ ಪ್ರದೇಶದ ಸ್ಪ್ರೂಸ್ ಕಾಡುಗಳು ಸತ್ತವು. ಬರ ಮರವನ್ನು ದುರ್ಬಲಗೊಳಿಸಿತು, ಕೀಟ ಅದನ್ನು ಮುಗಿಸಿತು. ಎಲ್ಲ ಮರಗಳೂ ಒಂದೇ ಜಾತಿಯಾಗಿದ್ದುದರಿಂದ ನಡುವೆ ತಡೆಯುವವರೇ ಇರಲಿಲ್ಲ.

ನಮ್ಮ ಗಿರಿಯ ಲೆಕ್ಕ

ತಂಪುಹವೆಯ ಕಾಡು ನಮ್ಮಲ್ಲೂ ಇದೆ. ಬಾಬಾಬುಡನ್‌ಗಿರಿ ಮತ್ತು ಕುದುರೆಮುಖದ ಎತ್ತರದ ಕಣಿವೆಗಳಲ್ಲಿ ಹುಲ್ಲುಗಾವಲಿನ ನಡುವೆ ನಿಂತ ಶೋಲಾ ಕಾಡುಗಳನ್ನು ಅರಣ್ಯಶಾಸ್ತ್ರಜ್ಞರು ಮಲೆಯ ತೇವಭರಿತ ಸಮಶೀತೋಷ್ಣ ವರ್ಗಕ್ಕೆ ಸೇರಿಸಿದ್ದಾರೆ. ನೂರು ಮೀಟರ್ ಮೇಲೇರಿದರೆ ಸುಮಾರು 0.6 ಡಿಗ್ರಿ ತಂಪು ಹೆಚ್ಚುತ್ತದೆ. ಆದ್ದರಿಂದ ಹವೆ ಒಂದು ಡಿಗ್ರಿ ಬಿಸಿಯಾದರೆ ತೋಟವೇ ಸುಮಾರು 170 ಮೀಟರ್ ಕೆಳಗಿಳಿದಂತೆ. ಯೂರೋಪಿನ ಮರಗಳಿಗೆ ಮೇಲಕ್ಕೋ ಉತ್ತರಕ್ಕೋ ನಿಧಾನವಾಗಿ ಹಬ್ಬಲು ಜಾಗವುಂಟು. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್; ಅದರ ಆಚೆಗೆ ಶೋಲಾ ಮರಗಳಿಗೆ ಏರಲು ನೆಲವಿಲ್ಲ. ಹಾಗೆಯೇ 15ರಿಂದ 25 ಡಿಗ್ರಿಯ ಹಿತವಾದ ಹವೆ ಬೇಡುವ ಅರೇಬಿಕಾ ಗಿಡವನ್ನೂ ಮೇಲಕ್ಕೆ ಸಾಗಿಸಲಾಗದು. ಅದಕ್ಕೆ ತಂಪು ಕೊಡಬಲ್ಲದ್ದು ನಾವು ಉಳಿಸಿದ ನೆರಳು ಮಾತ್ರ.

ಮರಕ್ಕೊಂದು ಸ್ವಭಾವ

ತೋಟದ ಮರಗಳೆಲ್ಲ ಬರವನ್ನು ಒಂದೇ ರೀತಿ ಎದುರಿಸುವುದಿಲ್ಲ. ಹಾಲುವಾಣ, ನಂದಿ ಮರಗಳು ಒಣಹವೆಯಲ್ಲಿ ಎಲೆ ಉದುರಿಸಿ ನೀರಿನ ಖರ್ಚು ತಗ್ಗಿಸುತ್ತವೆ. ಅತ್ತಿ, ಬಸರಿ, ಗೋಣಿ ಮರಗಳು ಬೇರನ್ನು ದೂರಕ್ಕೂ ಆಳಕ್ಕೂ ಕಳಿಸಿ ಬೇಸಿಗೆಯಲ್ಲೂ ನೆರಳು ಕೊಡುತ್ತವೆ. ಸಿಲ್ವರ್ ಓಕ್ ಹೆಸರಿಗೆ ಓಕ್. ಅಸಲಿಗೆ ಪೂರ್ವ ಆಸ್ಟ್ರೇಲಿಯದ ಬೇರೆಯೇ ಕುಲದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಕಾಡುಜಾತಿಯ ಮರಗಳಿಗಿರುವಷ್ಟು ಅನುಮತಿಯ ಗೋಜಿಲ್ಲ. ಬೆಳೆಗಾರರು ಅದನ್ನು ಇಷ್ಟಪಡುವುದರಲ್ಲಿ ತಪ್ಪಿಲ್ಲ. ಆದರೆ ತೋಟದ ತುಂಬ ಅದೊಂದೇ ಇದ್ದರೆ, ಬರ ಬಂದಾಗ ಎಲ್ಲ ಮರಗಳೂ ಒಂದೇ ದಿನ ಒಂದೇ ರೀತಿ ಸೋಲುತ್ತವೆ. ಆಗ ಕಾಫಿಯ ಮೇಲೆ ನೇರ ಬಿಸಿಲು ಬೀಳುತ್ತದೆ. ಬಿಳಿ ಕಾಂಡಕೊರಕ ಹುಳುವಿನ ತಾಯಿದುಂಬಿ ಮೊಟ್ಟೆಯಿಡಲು ಹುಡುಕುವುದು ಇಂತಹ ಬಿಸಿಲು ಬಿದ್ದ ಅರೇಬಿಕಾ ಕಾಂಡವನ್ನೇ. ಜರ್ಮನಿಯ ಸ್ಪ್ರೂಸಿಗೆ ಆದದ್ದು ನಮ್ಮ ಕಾಫಿಗೂ ಆಗಬಹುದೆಂಬುದನ್ನು ಮರೆಯಬಾರದು.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ಬರದ ವರ್ಷ ಮರಕಸಿಗೆ ಅವಸರ ಬೇಡ. ಬೇಸಿಗೆ ಮಳೆ ಹದವಾಗಿ ಬಿದ್ದು ಮರ ಚಿಗುರಿದ ನಂತರ, ಮುಂಗಾರಿಗೆ ಮೊದಲು ನೆರಳನ್ನು ಹಗುರ ಮಾಡಿ. ಪೂರ್ತಿ ಬಿಡುವುದೂ ತಪ್ಪು; ಮಳೆಗಾಲದ ದಟ್ಟ ನೆರಳು ಕೊಳೆರೋಗಕ್ಕೆ ದಾರಿ.

2. ಒಣಗಿದಂತೆ ಕಂಡ ಮರವನ್ನು ಒಡನೆ ಕಡಿಯಬೇಡಿ. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ಒಂದು ಮಳೆಗಾಲ ಕಾಯಿರಿ. ಆದರೆ ಆಳುಗಳು ಓಡಾಡುವ ಕಡೆ ಒಣಗಿದ ಕೊಂಬೆಗಳನ್ನು ಮೊದಲೇ ತೆಗೆಸಿಬಿಡಿ.

3. ಸತ್ತ ಮರದ ಜಾಗಕ್ಕೆ ಅದೇ ಜಾತಿಯನ್ನು ಹಾಕದೆ ಅತ್ತಿ, ಬಸರಿ, ಹಲಸು, ನಂದಿ ಮುಂತಾದವನ್ನು ಬೆರೆಸಿ ನೆಡಿ. ಕೆಳಹಂತಕ್ಕೆ ಹಾಲುವಾಣ, ಮೇಲುಹಂತಕ್ಕೆ ಕಾಡುಜಾತಿ ಎಂಬ ಎರಡು ಹಂತದ ನೆರಳು ಒಳ್ಳೆಯದು. ಮರ ಬೆಳೆಯಲು ವರ್ಷಗಳೇ ಬೇಕು. ಆದ್ದರಿಂದ ಹಳೆಯ ಮರ ಗಟ್ಟಿಯಾಗಿರುವಾಗಲೇ ಸಸಿ ನೆಡಬೇಕು.

4. ಉದುರಿದ ಎಲೆಯನ್ನು ಸುಡದೆ ಗಿಡದ ಬುಡಕ್ಕೆ ಹೊದಿಕೆ ಮಾಡಿ. ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೋಡಿ ಮಳೆನೀರನ್ನು ಅಲ್ಲಲ್ಲೇ ಇಂಗಿಸಿ. ಇದರಿಂದ ಕಾಫಿಗೂ ಮರಕ್ಕೂ ಲಾಭ.

5. ಬರದ ಮರುವರ್ಷ ಕಾಂಡಕೊರಕದ ತಪಾಸಣೆ ತಪ್ಪಿಸಬೇಡಿ. ದುಂಬಿ ಹೊರಬರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡಗಳನ್ನು ಕಿತ್ತು ಸುಡಬೇಕು. ಸಂದೇಹವಿದ್ದಲ್ಲಿ ಕಾಫಿ ಮಂಡಳಿಯ ಹತ್ತಿರದ ಸಂಪರ್ಕ ಕಚೇರಿಯನ್ನಾಗಲಿ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನಾಗಲಿ ವಿಚಾರಿಸಬಹುದು.

6. ಯಾವ ಜಾತಿಯ ಮರ ಯಾವ ತಿಂಗಳು ಎಲೆ ಉದುರಿಸಿತು, ಯಾವುದು ಒಣಗಿತು, ಯಾವುದು ಮತ್ತೆ ಚಿಗುರಿತು ಎಂಬುದನ್ನು ಮಳೆಯ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಮಲೆನಾಡಿನ ಅನೇಕ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯ ಲೆಕ್ಕ ಇಡುತ್ತಾ ಬಂದಿದ್ದಾರೆ. ಅದರ ಪಕ್ಕದಲ್ಲೇ ಮರದ ಲೆಕ್ಕವೂ ಸೇರಿದರೆ, ನಿಮ್ಮ ತೋಟಕ್ಕೆ ಹೊಂದುವ ಮರ ಯಾವುದೆಂದು ಹತ್ತು ವರ್ಷದಲ್ಲಿ ಆ ಪುಸ್ತಕವೇ ಹೇಳುತ್ತದೆ.

ಕಾಫಿ ಗಿಡ ಸತ್ತರೆ ಮೂರು ನಾಲ್ಕು ವರ್ಷದಲ್ಲಿ ಮತ್ತೊಂದು ಗಿಡ ಫಸಲಿಗೆ ಬರುತ್ತದೆ. ಅಜ್ಜನ ಕಾಲದ ಅತ್ತಿಮರ ಹೋದರೆ ಆ ನೆರಳನ್ನು ಕಾಣುವವರು ನಮ್ಮ ಮೊಮ್ಮಕ್ಕಳು. ಆದುದರಿಂದ ಬರದ ವರ್ಷ ಕೊಡಲಿ ಎತ್ತುವ ಮುನ್ನ ಒಂದು ಮಳೆಗಾಲ ತಾಳುವುದು ಲೇಸು.