ಎಂ.ಎ. ಸೈಕಾಲಜಿಗೆ ಅರ್ಜಿ ಹಾಕುವವರಿಗೆ

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಇಬ್ಬರೋ ಮೂವರೋ ನಿಂತಿರುತ್ತಾರೆ. "ಮೇಡಂ, ಎಂ.ಎ. ಸೈಕಾಲಜಿ ಎಲ್ಲಿ ಚೆನ್ನಾಗಿದೆ?" "ಮುಗಿಸಿ ಏನು ಮಾಡಬೇಕು ಅಂತ?" ಎಂದು ನಾನು ತಿರುಗಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಫಾರಂ ತುಂಬಿಯೂ ಪ್ರಯೋಜನವಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಮುಂದಿನ ಕೆಲಸ ಯಾವುದು ಎಂದು ಗೊತ್ತುಮಾಡಿಕೊಳ್ಳಿ

"ಸೈಕಾಲಜಿಸ್ಟ್ ಆಗಬೇಕು" ಎಂದರೆ ಸಾಲದು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದು ಒಂದು ದಾರಿ, ಶಾಲೆ ಕಾಲೇಜಿನಲ್ಲಿ ಕೌನ್ಸೆಲರ್ ಆಗುವುದು ಇನ್ನೊಂದು, ಕಂಪನಿಯ ಎಚ್‌ಆರ್ ವಿಭಾಗ ಮತ್ತೊಂದು. ನನ್ನ ಹಾಗೆ ಪಾಠ ಮಾಡಬೇಕೆಂದರೆ ಎಂ.ಎ. ಆದಮೇಲೆ ನೆಟ್ ಅಥವಾ ಕೆ-ಸೆಟ್ ಕಡೆ ನೋಡಬೇಕು.

ಇಲ್ಲಿ ಬಹಳ ಮಂದಿ ಎಡವುವುದು ಕ್ಲಿನಿಕಲ್ ಸೈಕಾಲಜಿ ಎಂಬ ಹೆಸರಿನಲ್ಲಿ. ಡಿಗ್ರಿಯ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ಬೋರ್ಡಿನ ಮೇಲೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬರೆಸುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಹೇಳುವ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಆಗಿರಬೇಕು, ಅಲ್ಲಿ ನೋಂದಣಿಯೂ ಆಗಬೇಕು. ಇಷ್ಟು ವರ್ಷ ಎಂ.ಎ. ಆದಮೇಲೆ ಎರಡು ವರ್ಷದ ಎಂ.ಫಿಲ್ ಮಾಡುವುದೇ ಹೆದ್ದಾರಿಯಾಗಿತ್ತು, ನಿಮ್ಹಾನ್ಸ್‌ನ ಎಂ.ಫಿಲ್ ಸೀಟು ಅಂದರೆ ಹುಡುಗರು ಈಗಲೂ ಕಣ್ಣರಳಿಸುತ್ತಾರೆ. ಯುಜಿಸಿ ಎಂ.ಫಿಲ್‌ಗಳನ್ನು ನಿಲ್ಲಿಸಿದಾಗಲೂ ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ಅವಧಿ ಕೊಟ್ಟಿತ್ತು. ನಿಯಮಗಳು ಹೀಗೆ ಬದಲಾಗುತ್ತಿರುವ ಕಾಲದಲ್ಲಿ ಸೀನಿಯರ್‌ಗಳ ಮಾತನ್ನು ನಂಬಿ ಕೂರಬೇಡಿ. ನೀವು ಸೇರಬೇಕೆಂದಿರುವ ಕಾಲೇಜಿನ ಅದೇ ಕೋರ್ಸ್ ಆರ್‌ಸಿಐ ಪಟ್ಟಿಯಲ್ಲಿ ಇದೆಯೇ ಎಂದು ನೀವೇ ಕಣ್ಣಾರೆ ನೋಡಿ.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡೋಣ ಎಂದುಕೊಂಡಿದ್ದರೆ ಆ ಬಾಗಿಲು ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಕೋರ್ಸ್ ನಡೆಸಬಾರದೆಂದು ಯುಜಿಸಿ ಹೇಳಿದೆ. ಆಮೇಲೂ ಯಾರಾದರೂ ಫೋನ್ ಮಾಡಿ "ಸೀಟು ಇದೆ, ಫೀಸು ಕಟ್ಟಿ" ಅಂದರೆ ಫೋನ್ ಇಟ್ಟುಬಿಡಿ.

ಹಂತ 2: ಅರ್ಹತೆ ನೋಡಿಕೊಳ್ಳಿ

ಇದು ಐದು ನಿಮಿಷದ ಕೆಲಸ. ಡಿಗ್ರಿಯಲ್ಲಿ ಸೈಕಾಲಜಿ ಓದಿರಲೇಬೇಕೋ, ಬೇರೆ ವಿಷಯದವರನ್ನೂ ತೆಗೆದುಕೊಳ್ಳುತ್ತಾರೋ, ಕನಿಷ್ಠ ಶೇಕಡಾವಾರು ಎಷ್ಟು, ಮೀಸಲಾತಿಯವರಿಗೆ ಎಷ್ಟು ಸಡಿಲಿಕೆ: ಈ ನಾಲ್ಕನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ. ಶೇಕಡಾವಾರನ್ನು ಒಟ್ಟು ಅಂಕದ ಮೇಲೆ ಕೇಳಿದ್ದಾರೋ ಸೈಕಾಲಜಿ ಒಂದರ ಮೇಲೆ ಕೇಳಿದ್ದಾರೋ ಎಂಬುದನ್ನೂ ಗಮನಿಸಿ.

ಹಂತ 3: ಐದಾರು ಕಡೆ ಆರಿಸಿ

ರಾಜ್ಯದೊಳಗೆ ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳು ಮೊದಲು ಮನಸ್ಸಿಗೆ ಬರುತ್ತವೆ. ಮೈಸೂರಿನ ವಿಭಾಗ 1924ರಲ್ಲಿ ಶುರುವಾದದ್ದು, ದೇಶದ ಹಳೆಯ ಸೈಕಾಲಜಿ ವಿಭಾಗಗಳಲ್ಲಿ ಒಂದು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ಶುರು ಮಾಡಿದವರು ಎಂದು ಹೇಳಿದರೆ ನಮ್ಮ ಮಕ್ಕಳು ನಂಬುವುದೇ ಇಲ್ಲ.

ಖಾಸಗಿಯಲ್ಲಿ ಬೆಂಗಳೂರಿನ ಕ್ರೈಸ್ಟ್‌ನಂಥವು ತಮ್ಮದೇ ಪರೀಕ್ಷೆ, ಸಂದರ್ಶನ ನಡೆಸುತ್ತವೆ, ಫೀಸೂ ಜಾಸ್ತಿಯೇ ಇರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ದೆಹಲಿ ವಿಶ್ವವಿದ್ಯಾಲಯವೂ ಸೇರಿ, ಸಿಯುಇಟಿ-ಪಿಜಿ ಬರೆಯಬೇಕು. ಅದರ ಅರ್ಜಿ ಬರುವುದು ಡಿಸೆಂಬರ್-ಜನವರಿಯ ಹೊತ್ತಿಗೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ನಮ್ಮವರು ವಿಚಾರಿಸಿಕೊಂಡು ಬರುವುದು ಜೂನ್‌ನಲ್ಲಿ! ಐದನೇ ಸೆಮಿಸ್ಟರ್‌ನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಕಟ್ಟಡ ನೋಡಿ ಕಾಲೇಜು ಆರಿಸಬೇಡಿ. ಈಗ ಓದುತ್ತಿರುವ ಒಬ್ಬರನ್ನು ಹಿಡಿದು ಎರಡೇ ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ ಆಸ್ಪತ್ರೆಗೋ ಶಾಲೆಗೋ ಕಳಿಸುತ್ತಾರೆ? ಅಲ್ಲಿ ನೀವು ಬರೆದ ಕೇಸ್ ರಿಪೋರ್ಟನ್ನು ಮೇಷ್ಟ್ರು ಕೂತು ತಿದ್ದುತ್ತಾರಾ? ಎರಡನೆಯದಕ್ಕೆ "ಹೌದು" ಎಂದರೆ ಆ ಕಾಲೇಜನ್ನು ಪಟ್ಟಿಯ ಮೇಲಕ್ಕೆ ತನ್ನಿ.

ಹಂತ 4: ಕಾಗದಪತ್ರ

ಬೇಜಾರಿನ ಹಂತ, ಆದರೆ ಸೀಟು ತಪ್ಪುವುದು ಹೆಚ್ಚಾಗಿ ಇಲ್ಲೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಟಿ.ಸಿ., ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಮೈಗ್ರೇಷನ್ ಸರ್ಟಿಫಿಕೇಟು, ಮೀಸಲಾತಿ ಇದ್ದರೆ ಜಾತಿ-ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಕೋಟಾ ಕೇಳುವುದಾದರೆ ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರ. ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಫೋನಿನಲ್ಲೂ ಬರೆದಿಟ್ಟುಕೊಳ್ಳಿ, ಆನ್‌ಲೈನ್ ಫಾರಂ ಕೇಳುವುದು ಅದನ್ನೇ. ಪತ್ರದ ಅವಧಿ ಮುಗಿದಿದೆಯೇ ಅಂತಲೂ ನೋಡಿ.

ಇವೆಲ್ಲಕ್ಕಿಂತ ಮೊದಲು ನಿಮ್ಮ ಹೆಸರನ್ನೇ ಒಮ್ಮೆ ಓದಿಕೊಳ್ಳಿ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಡಿಗ್ರಿ ಕಾರ್ಡಿನಲ್ಲಿ ಮುಂದೆ, ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು. ಕೌನ್ಸೆಲಿಂಗ್ ದಿನ ಟೇಬಲ್ಲಿನ ಆಚೆ ಕೂತಿದ್ದವರು ಎರಡು ಕಾರ್ಡನ್ನೂ ಪಕ್ಕಪಕ್ಕ ಇಟ್ಟು, "ಇವರಿಬ್ಬರೂ ನೀವೇನಾ?" ಅಂದರು. ಅಫಿಡವಿಟ್ಟಿಗೆ ಅಂತ ಅಪ್ಪ ನೋಟರಿಯ ಹತ್ತಿರ ಓಡಿದರು. ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅಂದು ನನ್ನ ರ‍್ಯಾಂಕ್ ದಾಟದೆ ಇದ್ದದ್ದು ಪುಣ್ಯ. ನಿಮ್ಮದು ಆಧಾರ್ ಕಾಲ, ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಕಂಪ್ಯೂಟರು ಒಪ್ಪುವುದಿಲ್ಲ.

ಹಂತ 5: ಪ್ರವೇಶ ಪರೀಕ್ಷೆಗೆ ಓದುವುದು

2025ರ ಸಿಯುಇಟಿ-ಪಿಜಿಯಲ್ಲಿ 75 ಪ್ರಶ್ನೆಗೆ 90 ನಿಮಿಷ ಇತ್ತು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಊಹೆಯ ಮೇಲೆ ಟಿಕ್ ಮಾಡುವ ಅಭ್ಯಾಸ ಬಿಡಿ. ಮೊದಲು ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಸೈಕಾಲಜಿ ಪುಸ್ತಕ, ಆಮೇಲೆ ಮಾರ್ಗನ್ ಮತ್ತು ಕಿಂಗ್, ಅಂಕಿಅಂಶಕ್ಕೆ ಗ್ಯಾರೆಟ್. ಇಗ್ನೋದ ಹಳೆಯ ಪಾಠಗಳು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಅಂಕಿಅಂಶಕ್ಕೆ ಹೆದರಿ ಬಿಡಬೇಡಿ. ಉಳಿದವರೂ ಅದನ್ನೇ ಬಿಡುತ್ತಾರೆ, ನಿಮ್ಮ ಮುನ್ನಡೆ ಅಲ್ಲೇ ಇದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ, ಅಷ್ಟೇ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಎಡಕ್ಕೆ ಅಭಿಪ್ರೇರಣೆ, ಬಲಕ್ಕೆ ಮೋಟಿವೇಷನ್. ಎಡಕ್ಕೆ ಪುನರ್ಬಲನ, ಬಲಕ್ಕೆ ರೀಇನ್‌ಫೋರ್ಸ್‌ಮೆಂಟ್ ಎಂದು ಬರೆಯುತ್ತ ಹೋಗಿ. ಪಕ್ಕದಲ್ಲಿ ಮನೆಯದೇ ಒಂದು ಉದಾಹರಣೆ ಇರಲಿ. ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ ಎಂದು ಅರ್ಧ ತರಗತಿ ಬರೆಯುತ್ತದೆ. ಅಲ್ಲ. ತಲೆನೋವಿಗೆ ಮಾತ್ರೆ ನುಂಗಿದಿರಿ, ನೋವು ಹೋಯಿತು, ಮುಂದಿನ ಸಲ ಕೈ ತಾನಾಗಿ ಮಾತ್ರೆ ಡಬ್ಬಿಗೆ ಹೋಗುತ್ತದಲ್ಲ, ಅದು.

ಹಂತ 6: ನಿಮ್ಮ ಬಗ್ಗೆ ಒಂದು ಪುಟ

ಸರ್ಕಾರಿ ಸೀಟಿಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಖಾಸಗಿಯವರು, ಹೊರದೇಶದವರು ಕೇಳುತ್ತಾರೆ. ಎಸ್‌ಒಪಿ ಎಂದು ಹೆಸರು. ಹೋದ ಸಲ ಒಬ್ಬ ಹುಡುಗಿ ತಂದ ಪುಟ ಹೀಗೆ ಶುರುವಾಗಿತ್ತು: "ಚಿಕ್ಕಂದಿನಿಂದಲೂ ನನಗೆ ಜನರ ಮನಸ್ಸನ್ನು ಅರಿಯುವ ಆಸಕ್ತಿ. ಸ್ನೇಹಿತರೆಲ್ಲ ಕಷ್ಟಸುಖವನ್ನು ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ." ಅದೇ ವಾರ ಅದೇ ಮಾತನ್ನು ನಾನು ಇನ್ನೂ ಮೂರು ಪುಟಗಳಲ್ಲಿ ಓದಿದ್ದೆ. "ಇದನ್ನು ಪಕ್ಕಕ್ಕಿಡು, ಮನೇಲಿ ಯಾರ‍್ಯಾರಿದ್ದೀರಿ ಹೇಳು" ಅಂದೆ. ಮಾತಿಗೆ ಮಾತು ಬಂದು ಅಜ್ಜಿಯ ಸುದ್ದಿ ಹೊರಬಿತ್ತು. ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಬೆಳಿಗ್ಗೆ ತಿಂದದ್ದು ನೆನಪಿಲ್ಲ, ಆದರೆ ಸೋಬಾನೆ ಪದ ಶುರು ಮಾಡಿದರೆ ಒಂದು ಸಾಲೂ ತಪ್ಪುವುದಿಲ್ಲ. ಮನೆಯವರು "ವಯಸ್ಸಾಯ್ತು" ಎಂದು ಸುಮ್ಮನಿದ್ದಾರೆ. ಈ ಹುಡುಗಿ ಮಾತ್ರ ಸ್ಮೃತಿಯ ಪಾಠ ಓದಿದ ಮೇಲೆ, ಒಂದೇ ತಲೆಯಲ್ಲಿ ಯಾವುದು ಉಳಿಯಿತು ಯಾವುದು ಹೋಯಿತು ಎಂದು ಎರಡು ತಿಂಗಳು ಬರೆದಿಟ್ಟಿದ್ದಾಳೆ!

ಹೊಸ ಪುಟ ಉಪ್ಪಿನಿಂದ ಶುರುವಾಯಿತು. ಕೊನೆಯಲ್ಲಿ ವಯಸ್ಸಾದವರ ನೆನಪಿನ ಬಗ್ಗೆ ಆ ವಿಭಾಗದಲ್ಲಿ ಏನು ಕಲಿಯಬೇಕೆಂದಿದ್ದಾಳೆ ಎಂದು ನಾಲ್ಕು ಸಾಲು. ಮೊದಲು ಕನ್ನಡದಲ್ಲಿ ಬರೆಸಿದೆ, ಆಮೇಲೆ ಇಂಗ್ಲಿಷಿಗೆ ತಂದಳು. ನೀವೂ ಹಾಗೇ ಮಾಡಿ. ಸ್ವಂತ ಖಿನ್ನತೆ, ಮನೆಯ ಜಗಳ ಬರೆಯಬಾರದೆಂದಲ್ಲ, ಆದರೆ ಓದುವವರು ನಿಮಗೆ ಚಿಕಿತ್ಸೆ ಕೊಡಲು ಕೂತಿಲ್ಲ. ಒಂದು ಸಾಲಿನಲ್ಲಿ ಹೇಳಿ, ಅದರಿಂದ ಹುಟ್ಟಿದ ಪ್ರಶ್ನೆಗೆ ಮುಂದುವರಿಯಿರಿ. ಶಿಫಾರಸು ಪತ್ರ ಬೇಕಿದ್ದರೆ ಮೇಷ್ಟ್ರಿಗೆ ಮೂರು ವಾರ ಮೊದಲೇ ಹೇಳಿ. ಕೊನೆಯ ದಿನ ರಾತ್ರಿ ವಾಟ್ಸ್ಯಾಪ್ ಮಾಡಿದರೆ ನಮಗೂ ಸಿಟ್ಟು ಬರುತ್ತದೆ.

ಹಂತ 7: ಸಂದರ್ಶನ, ಕೌನ್ಸೆಲಿಂಗ್

ಹೋಗುವ ಹಿಂದಿನ ರಾತ್ರಿ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ತಿರುವಿ ಹಾಕಿ. ಮ್ಯುಲರ್-ಲೈಯರ್ ಭ್ರಮೆಯ ಪ್ರಯೋಗ ಮಾಡಿದ್ದೀರಿ ತಾನೆ? ಎರಡು ಗೆರೆ ಸಮ ಇದ್ದರೂ ಒಂದು ಯಾಕೆ ಉದ್ದ ಕಾಣುತ್ತದೆ ಎಂದು ಕೇಳಿದರೆ ಎರಡು ನಿಮಿಷ ಮಾತಾಡಲು ಬರಬೇಕು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್" ಅನ್ನಿ.

ಕೌನ್ಸೆಲಿಂಗ್‌ಗೆ ಮೂಲ ಪ್ರತಿಗಳ ಜತೆ ಎರಡು ಸೆಟ್ ಝೆರಾಕ್ಸ್ ಇರಲಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಾಪಸು ಕೊಡಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿಯೇ ಹೇಳಿದೆ. "ಇಲ್ಲೇ ಇರಲಿ" ಅಂದರೆ ವಿನಯದಿಂದಲೇ ಕೇಳಿ ಪಡೆಯಿರಿ. ಒಂದು ಕಡೆ ಫೀಸು ಕಟ್ಟಿದ ಮೇಲೆ ಇನ್ನೊಂದು ಕಡೆ ಒಳ್ಳೆಯ ಸೀಟು ಬಂದರೆ, ಹಣ ವಾಪಸು ಪಡೆಯಲು ಆ ವರ್ಷ ಯುಜಿಸಿ ಹೇಳಿರುವ ದಿನಾಂಕದೊಳಗೆ ರದ್ದತಿ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೂಲ ಪ್ರತಿಗಳ ಪೈಕಿ ಟಿ.ಸಿ. ಮಾತ್ರ ಸಾಮಾನ್ಯವಾಗಿ ಕಾಲೇಜಿಗೆ ಕೊಡಬೇಕಾಗುತ್ತದೆ, ಕೊಡುವ ಮುಂಚೆ ಅದರದ್ದೂ ಒಂದು ಝೆರಾಕ್ಸ್ ತೆಗೆಸಿಟ್ಟುಕೊಳ್ಳಿ.