ಕೈಗೆ ಬಂದ ಎರಡು ಎಲೆ: ಸಂಭವನೀಯತೆಯ ಒಂದು ಪಾಠ



ಸಂಭವನೀಯತೆಯ ಅಧ್ಯಾಯ ತೆರೆದರೆ 52 ಎಲೆಗಳ ಇಸ್ಪೀಟು ಕಟ್ಟು ಮತ್ತೆ ಮತ್ತೆ ಎದುರಾಗುತ್ತದೆ. "ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟುವುದೇ ಇಲ್ಲ ಸರ್, ಈ ಲೆಕ್ಕ ನಮಗೇಕೆ?" ಎಂದು ಕೇಳುವವರು ತರಗತಿಯಲ್ಲಿ ಇರುತ್ತಾರೆ. ಇನ್ನೊಂದೆಡೆ, ಬೇಗೂರಿನಿಂದ ಬಸ್ ಹತ್ತಿದರೆ ಮೊಬೈಲಿನಲ್ಲಿ ರಮ್ಮಿ, ಪೋಕರ್ ಆಡುತ್ತಾ ಕೂತವರನ್ನು ನಾವೆಲ್ಲ ಕಂಡಿದ್ದೇವೆ. ಎಲೆ ಮುಟ್ಟದವರಿಗೂ ಆಟದ ಆಸೆ ಇರುವವರಿಗೂ ಈ ಲೆಕ್ಕ ಬೇಕು. ಏಕೆಂಬುದನ್ನು ಕೊನೆಯಲ್ಲಿ ನೋಡೋಣ.

ಪೋಕರ್‌ನ ಹೆಚ್ಚು ಪ್ರಚಲಿತ ಬಗೆಯಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಮೊದಲು ಎರಡು ಎಲೆ ಬರುತ್ತವೆ. ಆಮೇಲೆ ಎಲ್ಲರಿಗೂ ಸೇರಿದಂತೆ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುತ್ತಾರೆ. ಒಟ್ಟು ಏಳರಲ್ಲಿ ಅತ್ಯುತ್ತಮ ಐದು ಯಾರದ್ದೋ ಅವರು ಗೆದ್ದಂತೆ. ಹಾಗಾದರೆ ಮೊದಲ ಎರಡು ಎಲೆ ನೋಡಿ ಏನು ಹೇಳಬಹುದು?

52 ಎಲೆಗಳಿಂದ ಎರಡನ್ನು ಆರಿಸುವ ವಿಕಲ್ಪಗಳು 52 × 51 ÷ 2 = 1326. ಇವನ್ನು ಮೂರು ಬಗೆ ಮಾಡೋಣ. ಮೊದಲ ಎಲೆ ಯಾವುದಾದರೂ ಇರಲಿ, ಉಳಿದದ್ದು 51.

1. ಜೋಡಿ: ಅದೇ ಬೆಲೆಯ ಎಲೆಗಳು ಇನ್ನು 3 ಇವೆ. 3/51 = 1/17.
2. ಒಂದೇ ಗುಂಪು (ಎರಡೂ ಆಟೀನು, ಅಥವಾ ಎರಡೂ ಕಳಾವರ್, ಹೀಗೆ): ಅದೇ ಗುಂಪಿನವು ಇನ್ನು 12. 12/51 = 4/17.
3. ಬೆಲೆಯೂ ಬೇರೆ, ಗುಂಪೂ ಬೇರೆ: ಉಳಿದ 36. 36/51 = 12/17.

ಕೂಡಿಸಿ ನೋಡಿ: 1 + 4 + 12 = 17. ಅಂದರೆ ನೂರಕ್ಕೆ ಸುಮಾರು 70 ಸಲ ಕೈಗೆ ಬರುವುದು ಮೂರನೇ ಬಗೆ. ಎಲ್ಲರೂ ಬಯಸುವ ಎರಡು ಎಕ್ಕಗಳ ಸಂಭವನೀಯತೆ 4/52 × 3/51 = 1/221, ಅಂದರೆ ಶೇ. 0.45.

ಇಲ್ಲಿ ಹಲವರು ಎಡವುತ್ತಾರೆ. "220 ಸಲ ಬರಲಿಲ್ಲ, ಈಗ ಬಂದೇ ಬರಬೇಕು" ಎಂದುಕೊಳ್ಳುತ್ತಾರೆ. ಪ್ರತಿ ಸಲವೂ ಕಟ್ಟನ್ನು ಕಲೆಸಿ ಹಂಚುವುದರಿಂದ ಹಿಂದಿನದು ಎಲೆಗಳಿಗೆ ನೆನಪಿರುವುದಿಲ್ಲ. 221 ಸಲ ಹಂಚಿದರೂ ಒಮ್ಮೆಯೂ ಎರಡು ಎಕ್ಕ ಬಾರದಿರುವ ಸಂಭವನೀಯತೆ ಸುಮಾರು ಶೇ. 37. ಸ್ವತಂತ್ರ ಘಟನೆಗಳು ಎಂದರೆ ಇದೇ.

ಸರಿ, ಎಕ್ಕದ ಜೋಡಿ ಬಂತು ಎನ್ನಿ. ಗೆಲುವು ಖಚಿತವೇ? ಎದುರಿಗೆ ಒಬ್ಬರೇ ಇದ್ದು ಕೊನೆಯವರೆಗೆ ಆಡಿದರೆ ಗೆಲ್ಲುವ ಸಂಭವನೀಯತೆ ಸುಮಾರು ಶೇ. 85. ಎಂಟು ಜನರಿದ್ದು ಯಾರೂ ನಡುವೆ ಕೈಬಿಡದಿದ್ದರೆ ಅದು ಸುಮಾರು ಶೇ. 35ಕ್ಕೆ ಇಳಿಯುತ್ತದೆ. ಒಂಬತ್ತು ಜನರಲ್ಲಿ ಒಬ್ಬರ ಸಮಪಾಲು ಶೇ. 11 ಮಾತ್ರ. ಆದ್ದರಿಂದ ಶೇ. 35 ಒಳ್ಳೆಯದೇ. ಆದರೂ ಆಟದ ಅತ್ಯುತ್ತಮ ಕೈ ಮೂರರಲ್ಲಿ ಎರಡು ಸಲ ಸೋಲುತ್ತದೆ! ಇನ್ನು ಬೇರೆ ಬೇರೆ ಗುಂಪಿನ 7 ಮತ್ತು 2 ಬಹಳ ಕೆಟ್ಟ ಕೈ ಎಂದು ಹೆಸರಾದದ್ದು. ಅದೂ ಒಬ್ಬ ಎದುರಾಳಿಯ ಮುಂದೆ ನೂರಕ್ಕೆ ಸುಮಾರು 35 ಸಲ ಗೆಲ್ಲುತ್ತದೆ. ಸಂಭವನೀಯತೆ ಕೈಯ ತೂಕ ಹೇಳುತ್ತದೆ, ಫಲಿತಾಂಶ ಹೇಳುವುದಿಲ್ಲ.

ಈಗ ಕೈಯನ್ನು ಬಿಟ್ಟು ಆಟವನ್ನೇ ಅಳೆಯೋಣ. ಸಮಾನ ಚತುರತೆಯ ಆರು ಜನ ತಲಾ 100 ರೂಪಾಯಿ ಇಟ್ಟರು. ಆಟ ನಡೆಸುವವರು ಶೇ. 5 ಕಮಿಷನ್ ಹಿಡಿಯುತ್ತಾರೆ ಎಂದುಕೊಳ್ಳಿ. 600ರಲ್ಲಿ 30 ಹೋಗಿ 570 ಉಳಿಯಿತು. ಒಬ್ಬೊಬ್ಬರ ನಿರೀಕ್ಷಿತ ಮೌಲ್ಯ 570 ÷ 6 = 95 ರೂಪಾಯಿ. ಪ್ರತಿ ಸುತ್ತಿಗೆ ಸರಾಸರಿ 5 ರೂಪಾಯಿ ನಷ್ಟ. 20 ಸುತ್ತಿಗೆ 100 ರೂಪಾಯಿ. ಒಬ್ಬ ಹೆಚ್ಚು ಜಾಣನಾದರೆ? ಅವನ ಪಾಲು ಏರಬಹುದು, ಉಳಿದವರದ್ದು ಅಷ್ಟೇ ಇಳಿಯುತ್ತದೆ. ಮೇಜಿನ ಒಟ್ಟು ಲೆಕ್ಕ ಪ್ರತಿ ಸುತ್ತಿಗೂ ಮೈನಸ್ 30. ಎಂದೂ ಸೋಲದವರು ಆಟ ನಡೆಸುವವರು ಮಾತ್ರ.

"ಇದು ಕೌಶಲದ ಆಟ, ಜೂಜಲ್ಲ" ಎಂಬ ವಾದ ಹಳೆಯದು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದು ಹೇಳಿ, ಮೂರೆಲೆ ಆಟದಿಂದ ಬೇರ್ಪಡಿಸಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ನಿಷೇಧದ ಅಂಶಗಳನ್ನು ರದ್ದುಪಡಿಸಿತು. ಬಳಿಕ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಅದರ ನಿಷೇಧಕ್ಕೆ ಒಳಪಡುತ್ತವೆ. ಕುರ್‌ಆನ್ ಕೂಡ ಜೂಜಿನಲ್ಲಿ ಲಾಭವೇ ಇಲ್ಲ ಎನ್ನುವುದಿಲ್ಲ. ಲಾಭವನ್ನೂ ಕೇಡನ್ನೂ ತೂಗಿ, ಕೇಡೇ ದೊಡ್ಡದು ಎಂದು ತಿಳಿಸಿ, ಅದರಿಂದ ದೂರವಿರಲು ಆಜ್ಞಾಪಿಸುತ್ತದೆ. ನಾವು ಮೇಲೆ ಹಾಕಿದ ಲೆಕ್ಕವೂ ಅಂಥದೇ ಒಂದು ತೂಗುವಿಕೆ.

ಎಲೆ ಮುಟ್ಟದವರಿಗೂ ಈ ಲೆಕ್ಕ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ವಿಮೆಯ ಕಂತು, ಲಾಟರಿಯ ಆಮಿಷ, "ಹಣ ದುಪ್ಪಟ್ಟು" ಎನ್ನುವ ಸಂದೇಶ, ಯಾವುದೇ ಬರಲಿ, ಎರಡು ಪ್ರಶ್ನೆ ಕೇಳಿ: ಗೆಲ್ಲುವ ಸಂಭವನೀಯತೆ ಎಷ್ಟು? ಸರಾಸರಿ ಕೈಗೆ ಉಳಿಯುವುದೆಷ್ಟು? ಮೊದಲನೆಯದನ್ನು ಮಾತ್ರ ಕೇಳಿದವರು ಮೋಸಹೋಗುತ್ತಾರೆ.

ಅಭ್ಯಾಸ: ನಿಮ್ಮ ಕೈಯಲ್ಲಿ ಒಂದು ಎಕ್ಕ, ಒಂದು ರಾಜ ಇವೆ. ಎದುರಿನ ಒಬ್ಬರ ಬಳಿ ಎರಡು ಎಕ್ಕ ಇರುವ ಸಂಭವನೀಯತೆ ಎಷ್ಟು? (ಸುಳಿವು: ಉಳಿದ ಎಲೆ 50, ಉಳಿದ ಎಕ್ಕ 3.) ಉತ್ತರ 3/1225. ಇದು 1/221ರ ಸುಮಾರು ಅರ್ಧ. ನಮಗೆ ತಿಳಿದಿರುವ ಒಂದೇ ಎಕ್ಕ ಎದುರಿನವರ ಲೆಕ್ಕವನ್ನು ಹೇಗೆ ಬದಲಿಸಿತು ಎಂಬುದನ್ನು ಷರತ್ತುಬದ್ಧ ಸಂಭವನೀಯತೆಯ ಪಾಠದ ಜೊತೆ ಹೋಲಿಸಿ ನೋಡಿ.